ಫೋನು ಒಲೆಗೆ ಹಾಕಬೇಡಿ

ತೀರ್ಥಹಳ್ಳಿ ಕಡೆಯ ಪಿಯು ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಕೊರೊನಾ ಕಾಲದಲ್ಲಿ ಗುಡ್ಡ ಹತ್ತಿ ಸಿಗ್ನಲ್ ಹುಡುಕುತ್ತಿದ್ದ ಮಕ್ಕಳ ಕೈಗೆ ಬಂದ ಫೋನು ಮತ್ತೆ ಅಪ್ಪ ಅಮ್ಮನ ಕೈಗೆ ಹೋಗಲಿಲ್ಲ. ಡೇಟಿಂಗ್ ಆ್ಯಪ್‌ಗಳಿಗೆ 18 ವರ್ಷ ತುಂಬಿರಬೇಕೆಂಬ ನಿಯಮವಿದೆ, ನಿಜ. ಆದರೆ ನಮ್ಮ ಮಕ್ಕಳ ಪ್ರೀತಿ ಶುರುವಾಗುವುದು ಇನ್‌ಸ್ಟಾಗ್ರಾಂನಲ್ಲಿ, ಸ್ನ್ಯಾಪ್‌ಚಾಟ್‌ನಲ್ಲಿ, ಆನ್‌ಲೈನ್ ಆಟದ ಚಾಟ್‌ನಲ್ಲಿ.

ಒಂದು ಮಳೆಗಾಲದ ಸಂಜೆ ಪ್ರಥಮ ಪಿಯುಸಿ ಹುಡುಗಿಯೊಬ್ಬಳು ಕ್ಲಾಸು ಬಿಟ್ಟರೂ ಬೆಂಚಿನಿಂದ ಏಳಲಿಲ್ಲ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

"ಎಂತಾತೇ?"

"ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ ಮೇಡಂ."

ಆ ಮಾತು ಕೊಡುವುದು ಸುಲಭ, ಉಳಿಸಿಕೊಳ್ಳಲು ಬರುವುದಿಲ್ಲ. 18ರೊಳಗಿನವರಿಗೆ ಲೈಂಗಿಕ ಕಿರುಕುಳ ಆಗಿದೆಯೆಂದು ಗೊತ್ತಾದರೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. ಅದನ್ನೇ ಹೇಳಿದೆ. "ನಿನಗೆ ತಿಳಿಸದೆ ಒಂದು ಹೆಜ್ಜೆನೂ ಇಡಲ್ಲ, ಪ್ರತಿ ಕಡೆಗೂ ಜೊತೆಗೆ ಬರ್ತೀನಿ" ಎಂದೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಫೋನನ್ನೇ ನನ್ನ ಕೈಗೆ ಕೊಟ್ಟಳು.

ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತೇನೆಂದು ಹೇಳಿಕೊಂಡವನು. ಮೂರು ತಿಂಗಳ ಮಾತು, ಒಂದು ಸಲವೂ ವಿಡಿಯೊ ಕಾಲ್ ಇಲ್ಲ, ಕ್ಯಾಮೆರಾ ಹಾಳಾಗಿದೆಯಂತೆ. ಇವಳಿಂದ ಒಂದು ಫೋಟೊ ತರಿಸಿಕೊಂಡ ಮೇಲೆ ವರಸೆ ಬದಲಾಯಿತು: ಮಂಡಗದ್ದೆಗೆ ಒಬ್ಬಳೇ ಬಾ, ಇಲ್ಲದಿದ್ದರೆ ನಿಮ್ಮಪ್ಪನಿಗೆ ಕಳಿಸುತ್ತೇನೆ. ಹುಡುಗಿಗೆ ಅವನಿಗಿಂತ ಹೆಚ್ಚು ಭಯ ಇದ್ದದ್ದು ಮನೆಯದು. "ಕಾಲೇಜು ಬಿಡಿಸ್ತಾರೆ ಮೇಡಂ." ಅವನು ನಂಬಿ ಕೂತಿದ್ದೂ ಆ ಭಯವನ್ನೇ.

ಚಾಟ್ ಅಳಿಸಲು ಹೊರಟಿದ್ದಳು, ತಡೆದೆ. ಬೆದರಿಕೆಯ ಮೆಸೇಜು, ಖಾತೆಯ ಹೆಸರು, ಪ್ರೊಫೈಲ್ ಲಿಂಕು, ಎಲ್ಲದರ ಸ್ಕ್ರೀನ್‌ಶಾಟ್ ತೆಗೆಸಿದೆ. ಉತ್ತರ ಬೇಡ, ದುಡ್ಡು ಬೇಡ, ಬ್ಲಾಕ್ ಮಾಡುವುದು ಸಾಕ್ಷಿ ಉಳಿಸಿಕೊಂಡ ಮೇಲೆ. ಅವಳ ಫೋಟೊವನ್ನು ನಾನು ನೋಡಲಿಲ್ಲ, ನನ್ನ ಫೋನಿಗೆ ಹಾಕಿಸಿಕೊಳ್ಳಲೂ ಇಲ್ಲ. ದೊಡ್ಡವರು ಇದರಲ್ಲಿ ಬಹಳ ಎಚ್ಚರ ಇರಬೇಕು.

ಆ ಸಂಜೆಯೇ ಅವಳ ಜೊತೆ ಮನೆಗೆ ಹೋದೆ. ಅಮ್ಮ ಕೇಳಿದವರೇ, "ಆ ಫೋನು ಒಲೆಗೆ ಹಾಕ್ತೀನಿ" ಎಂದರು.

"ಹಾಕಿದ್ರೆ ಸಾಕ್ಷಿ ಸುಟ್ಟುಹೋಗತ್ತೆ ಅಮ್ಮಾ. ಇನ್ನೊಂದ್ಸಲ ಏನಾದ್ರೂ ಆದ್ರೆ ಇವಳು ನಿಮ್ಮ ಹತ್ರ ಬರೋದೂ ಇಲ್ಲ."

ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗಳಿಗೆ, "ಊಟ ಮಾಡಿದ್ಯಾ?" ಎಂದು ಕೇಳಿದರು. ನನಗೆ ಅರ್ಧ ಭಾರ ಇಳಿದದ್ದು ಆಗ. ಗಂಡನಿಗೆ ಹೇಳುವ ಕೆಲಸವನ್ನು ಅವರೇ ವಹಿಸಿಕೊಂಡರು.

ಮರುದಿನ ಅಮ್ಮ ಮಗಳ ಜೊತೆ ಠಾಣೆಗೆ ಹೋದೆ. ಫೋಟೊ ಹರಡದಂತೆ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಬಳಸಿದೆವು. 18 ತುಂಬುವ ಮೊದಲು ತೆಗೆದ ಚಿತ್ರಗಳಿಗೆಂದೇ ಇರುವುದು ಅದು. ಚಿತ್ರ ನಮ್ಮ ಫೋನು ಬಿಟ್ಟು ಹೋಗುವುದಿಲ್ಲ, ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ. ಇನ್‌ಸ್ಟಾಗ್ರಾಂನಂಥ ತಾಣಗಳು ಆ ಗುರುತು ಹಿಡಿದು ಚಿತ್ರ ಹುಡುಕಿ ತೆಗೆಯುತ್ತವೆ. ಆ ಹುಡುಗಿ ಕಾಲೇಜು ಬಿಡಲಿಲ್ಲ.

ಈಗ ಪ್ರತಿ ವರ್ಷ ಹೊಸ ಮಕ್ಕಳು ಬಂದ ಕೂಡಲೇ ಒಂದು ಪಿರಿಯಡ್ ಇದಕ್ಕೇ ಮೀಸಲು. ಪ್ರೀತಿಸಬೇಡಿ ಎನ್ನುವುದಿಲ್ಲ, ಹಾಗೆಂದ ದಿನವೇ ಅವರು ನನಗೆ ಹೇಳುವುದನ್ನು ನಿಲ್ಲಿಸುತ್ತಾರೆ. ಮುಖ ತೋರಿಸದವನನ್ನು ನಂಬಬೇಡಿ, ಅವನ ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿ, ಅದೇ ಚಿತ್ರ ಬೇರೆಲ್ಲಾದರೂ ಇದೆಯಾ ನೋಡಿ ಎನ್ನುತ್ತೇನೆ. ನಿಮ್ಮ ಫೋಟೊದ ಹಿಂದೆ ಏನಿದೆ ನೋಡಿಕೊಳ್ಳಿ: ದಿನಕ್ಕೆರಡು ಬಸ್ಸು ಬರುವ ಊರಲ್ಲಿ ಬಸ್ಸಿನ ಬೋರ್ಡು ಕಂಡರೆ ಮನೆ ಹುಡುಕುವುದು ಎಷ್ಟು ಹೊತ್ತಿನ ಕೆಲಸ? ಭೇಟಿ ಆಗಲೇಬೇಕಿದ್ದರೆ ಶಿವಮೊಗ್ಗದ ಗಾಂಧಿ ಬಜಾರಿನಂಥ ಜನ ಇರುವ ಜಾಗ, ಹಗಲು ಹೊತ್ತು, ಗೆಳತಿಯೊಬ್ಬಳು ಜೊತೆಗೆ. ವಾಪಸ್ ಬಸ್ಸಿನ ದುಡ್ಡು ನಿಮ್ಮದೇ ಜೇಬಲ್ಲಿರಲಿ.

"ಹುಡುಗರಿಗೇನಾಗತ್ತೆ" ಎನ್ನುವವರಿದ್ದಾರೆ. ಹೋದ ವರ್ಷ ಆ ಪಿರಿಯಡ್ ಮುಗಿದ ಮೇಲೆ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ವಿಡಿಯೊ ಕಾಲ್ ರೆಕಾರ್ಡ್ ಮಾಡಿಕೊಂಡು ಬೆದರಿಸಿದ್ದರು, ಎರಡು ಸಾವಿರ ಕಳಿಸಿಬಿಟ್ಟಿದ್ದ. ಬಾಗಿಲು ಮುಂದೆ ಮಾಡಿ ನೀರು ಕೊಟ್ಟೆ. ದುಡ್ಡು ಹೋಗಿದ್ದರಿಂದ ಅಲ್ಲೇ ಕೂರಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ, ಮಕ್ಕಳ ಸಹಾಯವಾಣಿ 1098 ಕೂಡ ಬರೆದುಕೊಟ್ಟೆ. ಆಮೇಲೆ ಇಬ್ಬರೂ ಸೇರಿ ಅವನ ಅಪ್ಪನಿಗೆ ಫೋನ್ ಹಚ್ಚಿದೆವು.