ಕೊಡಗಿನ ಚಳಿಯಲ್ಲಿ ಸಿಹಿಗುಂಬಳ ಬಲಿಸುವುದು ಹೇಗೆ?

ಕೊಡಗಿನ ಹಿತ್ತಿಲುಗಳಲ್ಲಿ ಸಿಹಿಗುಂಬಳದ ಬಳ್ಳಿಗೆ ಬರವಿಲ್ಲ, ಬಲಿತ ಕಾಯಿಗೆ ಬರ. ಬಳ್ಳಿ ಬೇಲಿ ದಾಟುತ್ತದೆ, ಹೂ ತುಂಬುತ್ತದೆ, ಮಿಡಿಯೂ ಕಾಣುತ್ತದೆ. ಅಷ್ಟರಲ್ಲಿ ಜಡಿಮಳೆ ಹಿಡಿದು ಮಿಡಿ ಕೊಳೆಯುತ್ತದೆ, ಇಲ್ಲವೇ ಚಳಿ ಬಿದ್ದು ಕಾಯಿ ಎಳಸಾಗಿಯೇ ನಿಂತುಬಿಡುತ್ತದೆ. ಗೊಬ್ಬರ ಸಾಲಲಿಲ್ಲವೆಂದು ಹಲವರು ಕೊರಗುತ್ತಾರೆ. ಎಡವಟ್ಟಾಗುವುದು ಗೊಬ್ಬರದಲ್ಲಲ್ಲ, ಬಿತ್ತುವ ದಿನದಲ್ಲಿ.

ಬೀಜ ಹಾಕಿದ ಮೇಲೆ ಕಾಯಿ ಬಲಿಯಲು ಸುಮಾರು 110ರಿಂದ 120 ದಿನ ಬೇಕು. ಸಾವಿರ ಮೀಟರ್‌ಗೂ ಎತ್ತರದ ಮಡಿಕೇರಿಯ ಆಸುಪಾಸಿನಲ್ಲಿ ಇನ್ನೂ ಹತ್ತು ಹದಿನೈದು ದಿನ ಸೇರಿಸಿಕೊಳ್ಳಿ. ಕುಶಾಲನಗರದ ಕಡೆ ಬಿಸಿಲು ಹೆಚ್ಚು, ಅಷ್ಟು ಆತಂಕವಿಲ್ಲ. ಜನವರಿ ಮಧ್ಯದೊಳಗೆ ಬಿತ್ತಿದರೆ ಮುಂಗಾರಿಗೆ ಮೊದಲೇ ಕೊಯ್ಯಬಹುದು. ಆಗಸ್ಟ್ ಎರಡನೇ ವಾರ ಸಸಿ ಮಾಡಿದರೆ ಕೊಯ್ಲು ಡಿಸೆಂಬರ್ ಕೊನೆಗೆ. ತಿಂಗಳುಗಟ್ಟಲೆ ಇಡುವ ಕಾಯಿ ಬೇಕಿದ್ದರೆ ಎರಡನೆಯದೇ ಮೇಲು, ಏಕೆಂದರೆ ಕಾಯಿ ಒಣ ಹವೆಯಲ್ಲಿ ಕೈಗೆ ಬರುತ್ತದೆ. ಇಲ್ಲಿ ಹೇಳುವುದೆಲ್ಲ ಆ ಬೆಳೆಯ ಬಗ್ಗೆ.

ತಳಿ ಆರಿಸುವಾಗ ದೊಡ್ಡ ಕಾಯಿಯ ಆಸೆ ಬೇಡ. ಸಣ್ಣ ಕಾಯಿ ಬೇಗ ಬಲಿಯುತ್ತದೆ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸೂರ್ಯಮುಖಿ ಸುಮಾರು ಒಂದು ಕಿಲೋ, ಅರ್ಕಾ ಚಂದನ್ ಎರಡು ಮೂರು ಕಿಲೋ ತೂಗುತ್ತವೆ. ಎರಡೂ ಚಿಕ್ಕ ಸಂಸಾರಕ್ಕೆ ಹೇಳಿ ಮಾಡಿಸಿದಂತಿವೆ.

ಕಾಫಿ ಸಸಿಯ ಪಾಲಿಥಿನ್ ಚೀಲಕ್ಕೆ ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ತುಂಬಿ ಬೀಜ ಊರಿ. ಮೊಳಕೆಗೆ 25ರಿಂದ 30 ಡಿಗ್ರಿ ಬಿಸಿ ಬೇಕು. ಆಗಸ್ಟ್‌ನ ಥಂಡಿಯಲ್ಲಿ ಅದು ಸಿಗುವುದು ಒಲೆಯ ಹತ್ತಿರವೇ. ಮೊಳಕೆ ಬಂದ ದಿನವೇ ಚೀಲವನ್ನು ಬೆಳಕಿರುವ, ಮಳೆ ಬೀಳದ ಜಾಗಕ್ಕೆ ತನ್ನಿ. ತಡವಾದರೆ ಸಸಿ ಸೊರಗಿ ಉದ್ದವಾಗುತ್ತದೆ.

ನಮ್ಮ ಮಣ್ಣು ಹುಳಿ. ನಾಟಿಗೆ ಎರಡು ವಾರ ಮೊದಲು ಕೃಷಿ ಸುಣ್ಣ ಬೆರೆಸಿ. ಮರದ ನೆರಳಿಲ್ಲದ, ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗ ಹುಡುಕಿ. ಕಾಫಿ ಕಣದ ಅಂಚು ಸಿಕ್ಕರೆ ಬಿಡಬೇಡಿ, ಹಗಲು ಕಾದ ನೆಲ ಸಂಜೆಯಾದ ಮೇಲೂ ಬಳ್ಳಿಗೆ ಬೆಚ್ಚಗಿರುತ್ತದೆ. ಒಂದಡಿ ಎತ್ತರದ ಗುಡ್ಡೆ ಮಾಡಿ, ಎರಡು ಮೂರು ಬುಟ್ಟಿ ಗೊಬ್ಬರ ಸೇರಿಸಿ, ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಬೇರು ಅಲುಗದಂತೆ ಚೀಲ ಸೀಳಿ ನೆಡಿ. ಗುಡ್ಡೆಗಳ ನಡುವೆ ಎರಡು ಮೀಟರ್ ಅಂತರವಿರಲಿ.

ಮೊದಲು ಗಂಡು ಹೂಗಳೇ ಬರುತ್ತವೆ. ತೊಟ್ಟಿನ ಬಳಿ ಗೋಲಿಯಷ್ಟು ಮಿಡಿ ಹೊತ್ತದ್ದು ಹೆಣ್ಣು. ಮೋಡ ಕವಿದು ಜೇನು ಹಾರದ ದಿನ ಪರಾಗಸ್ಪರ್ಶ ನೀವೇ ಮಾಡಬೇಕು. ಬೆಳಿಗ್ಗೆ ಎಂಟು ಗಂಟೆಯೊಳಗೆ ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಹುಡಿಯನ್ನು ಹೆಣ್ಣು ಹೂವಿನೊಳಗಿನ ಅಂಟಂಟಾದ ಗಂಟುಗಳಿಗೆಲ್ಲ ಮೆಲ್ಲಗೆ ಸವರಿ. ಹೂ ಒದ್ದೆಯಿದ್ದರೆ ಹುಡಿ ಕೆಡುತ್ತದೆ. ಮಳೆ ಬರುವಂತಿದ್ದರೆ ಹಿಂದಿನ ಸಂಜೆಯೇ ಎರಡೂ ಮೊಗ್ಗುಗಳಿಗೆ ಕಾಗದದ ಚೀಲ ಕಟ್ಟಿಡಿ.

ಬಳ್ಳಿಯಲ್ಲಿ ಎರಡು ಮೂರು ಕಾಯಿ ನಿಂತ ಮೇಲೆ ಕುಡಿ ಚಿವುಟಿ. ನವೆಂಬರ್ ಮಧ್ಯದ ನಂತರ ಬರುವ ಮಿಡಿಯೆಲ್ಲ ಪಲ್ಯಕ್ಕೇ ಸರಿ, ಅದು ಬಲಿಯುವುದಿಲ್ಲ. ಆದರೆ ಎಲೆಗೆ ಕೈ ಹಚ್ಚಬೇಡಿ. ಕಾಯಿಗೆ ಬಿಸಿಲು ಬೀಳಲೆಂದು ಎಲೆ ಸವರುವವರಿದ್ದಾರೆ, ಅದು ಕಾಯಿಯ ಅನ್ನ ಕಿತ್ತುಕೊಂಡಂತೆ. ಸಿಹಿ ತಯಾರಾಗುವುದೇ ಎಲೆಯಲ್ಲಿ. ಬೂದಿ ರೋಗದ ಬಿಳಿ ಚುಕ್ಕೆ ಕಂಡೊಡನೆ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, ಬಿಸಿಲಿರುವಾಗ ವಾರಕ್ಕೊಮ್ಮೆ ಸಿಂಪಡಿಸಿ. ಹಣ್ಣುನೊಣಕ್ಕೆ ಮಾವಿನ ತೋಟದ ಮೀಥೈಲ್ ಯೂಜೆನಾಲ್ ಬಲೆ ಕೆಲಸ ಮಾಡುವುದಿಲ್ಲ, ಕುಂಬಳ ಜಾತಿಯ ನೊಣಕ್ಕೆ ನೊಣ ಸೆಳೆಯುವ ಕ್ಯೂಲೂರ್ ಮದ್ದು ಇರುವ ಬಲೆಯನ್ನೇ ಕೇಳಿ ತನ್ನಿ. ಕಾಯಿಯ ಅಡಿಗೆ ಚಪ್ಪಟೆ ಕಲ್ಲೋ ಅಡಿಕೆ ಹಾಳೆಯೋ ಇರಲಿ. ಕಾಡುಹಂದಿ, ಮುಳ್ಳುಹಂದಿಗಳ ಕಾಟವಿದ್ದಲ್ಲಿ ಗಟ್ಟಿ ಬೇಲಿ ಬೇಕೇ ಬೇಕು.

ಬಲಿತಿದೆಯೇ ಎಂದು ತಿಳಿಯಲು ಬಣ್ಣವೊಂದನ್ನೇ ನಂಬಬೇಡಿ. ಹೆಬ್ಬೆರಳ ಉಗುರು ಒತ್ತಿದರೆ ಸಿಪ್ಪೆಗೆ ಇಳಿಯಬಾರದು. ತೊಟ್ಟಿನ ಹಸಿರು ಹೋಗಿ ಬಿರುಕು ಬಿರುಕಾಗಿ ಒಣಗಿರಬೇಕು. ಆಗ ನಾಲ್ಕು ಬೆರಳು ತೊಟ್ಟು ಬಿಟ್ಟು ಚಾಕುವಿನಿಂದ ಕೊಯ್ಯಿರಿ. ತೊಟ್ಟು ಹಿಡಿದು ಎತ್ತಬಾರದು, ಅದು ಮುರಿದ ಜಾಗದಿಂದಲೇ ಕೊಳೆ ಒಳಗಿಳಿಯುತ್ತದೆ.

ಕೊಯ್ದ ಕಾಯಿಯನ್ನು ಹತ್ತು ದಿನ ಹಗಲು ಕಣದಲ್ಲಿ ಒಣಗಿಸಿ, ಇಬ್ಬನಿ ಬೀಳುವ ಮೊದಲು ಒಳಗೆ ತನ್ನಿ. ಆಮೇಲೆ ಗಾಳಿಯಾಡುವ ಅಟ್ಟದಲ್ಲಿ, ಒಂದಕ್ಕೊಂದು ತಾಗದಂತೆ ಇಡಿ. ಫ್ರಿಜ್ ಬೇಡ, ಹತ್ತು ಡಿಗ್ರಿಗಿಂತ ಕೆಳಗಿನ ಚಳಿ ಅದಕ್ಕೆ ಒಗ್ಗದು. ತೊಟ್ಟು ಮುರಿದದ್ದು, ಗಾಯವಾದದ್ದು ಮೊದಲು ಅಡುಗೆಮನೆಗೆ ಹೋಗಲಿ. ಉಳಿದವನ್ನು ಒಂದು ತಿಂಗಳಾದರೂ ಮುಟ್ಟಬೇಡಿ, ಒಳಗಿನ ಪಿಷ್ಟ ಸಕ್ಕರೆಯಾಗಲು ಅಷ್ಟು ಸಮಯ ಬೇಕು. ಕುಂಬಳ ಕರಿಗೆ ಬೇಕಾದ ರುಚಿ ಬರುವುದು ಆಗಲೇ.