ಆಕ್ಸಿಲರೇಟರ್ ಒತ್ತಿದರೂ ಎಳೆಯದ ಕಾರು: ಥ್ರಾಟಲ್ ಕಂಟ್ರೋಲರ್ ಯಾವಾಗ ಬೇಕು, ಹೇಗೆ ಕೂರಿಸಬೇಕು?

ಆಕ್ಸಿಲರೇಟರ್ ಮೇಲೆ ಕಾಲಿಟ್ಟ ಕೂಡಲೇ ಎಂಜಿನ್ ಓಗೊಡುವುದಿಲ್ಲ. ಅರೆಕ್ಷಣ ಸುಮ್ಮನಿದ್ದು ಆಮೇಲೆ ಎಳೆಯುತ್ತದೆ. ವೃತ್ತದಲ್ಲಿ ಸಂದು ನೋಡಿ ನುಗ್ಗಬೇಕಾದಾಗ, ಮುಂದಿನ ಲಾರಿಯನ್ನು ದಾಟಬೇಕಾದಾಗ ಆ ಅರೆಕ್ಷಣವೇ ದೊಡ್ಡ ಕಿರಿಕಿರಿ. ‘ಪಿಕಪ್ ಇಲ್ಲ’ ಎಂಬ ಈ ದೂರಿಗೆ ಮದ್ದೆಂದು ಮಾರಾಟವಾಗುವ ಪುಟ್ಟ ಪೆಟ್ಟಿಗೆಯೇ ಥ್ರಾಟಲ್ ಕಂಟ್ರೋಲರ್. ಕೆಲವು ಕಾರುಗಳಲ್ಲಿ ಅದು ಹೇಳಿದ ಕೆಲಸ ಮಾಡುತ್ತದೆ, ಉಳಿದವುಗಳಲ್ಲಿ ಹಾಕಿದ ದುಡ್ಡು ನೀರುಪಾಲು. ನಿಮ್ಮ ಕಾರು ಯಾವ ಗುಂಪಿನದು ಎಂಬುದನ್ನು ಪೆಟ್ಟಿಗೆ ಕೊಳ್ಳುವ ಮೊದಲೇ ಪತ್ತೆ ಮಾಡಬಹುದು, ಮಾಡಲೇಬೇಕು.

ಪೆಡಲ್‌ನಿಂದ ಎಂಜಿನ್‌ವರೆಗೆ

ಹಿಂದಿನ ಕಾರುಗಳಲ್ಲಿ ಪೆಡಲ್‌ಗೂ ಥ್ರಾಟಲ್‌ಗೂ ನಡುವೆ ಉಕ್ಕಿನ ಕೇಬಲ್ ಇತ್ತು. ಥ್ರಾಟಲ್ ಎಂದರೆ ಎಂಜಿನ್‌ಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಕವಾಟ. ಕಾಲು ಒತ್ತಿದಷ್ಟೂ ಥ್ರಾಟಲ್‌ನ ತಟ್ಟೆ ತೆರೆಯುತ್ತಿತ್ತು. 1980ರ ದಶಕದ ಕೊನೆಯಲ್ಲಿ ಬಿಎಂಡಬ್ಲ್ಯು 7 ಸರಣಿಯಂಥ ದುಬಾರಿ ಕಾರಿನಲ್ಲಿ ಕಾಣಿಸಿಕೊಂಡ ಎಲೆಕ್ಟ್ರಾನಿಕ್ ಥ್ರಾಟಲ್ ಈಗ ಸಣ್ಣ ಕಾರುಗಳಿಗೂ ಇಳಿದಿದೆ. ಇದರಲ್ಲಿ ಕೇಬಲ್ ಇಲ್ಲ, ಪೆಡಲ್‌ನ ಬುಡದಲ್ಲಿ ಎರಡು ಸೆನ್ಸರ್‌ಗಳಿವೆ. ಸಾಮಾನ್ಯವಾಗಿ ಅಲ್ಲಿಂದ ಆರು ವೈರುಗಳು ಹೊರಡುತ್ತವೆ: ಎರಡು 5 ವೋಲ್ಟ್ ಸಪ್ಲೈಗೆ, ಎರಡು ಅರ್ತ್‌ಗೆ, ಎರಡು ಸಿಗ್ನಲ್‌ಗೆ. ಹಲವು ಕಾರುಗಳಲ್ಲಿ ಕಾಲು ತೆಗೆದಿದ್ದಾಗ ಮೊದಲ ಸಿಗ್ನಲ್ ಸುಮಾರು 0.7ರಿಂದ 0.8 ವೋಲ್ಟ್ ಇರುತ್ತದೆ, ಪೂರ್ತಿ ಒತ್ತಿದರೆ 4 ವೋಲ್ಟ್ ಆಸುಪಾಸಿಗೆ ಏರುತ್ತದೆ. ಎರಡನೆಯದು ಎಲ್ಲ ಹಂತದಲ್ಲೂ ಮೊದಲಿನದರ ಅರ್ಧ. ಎಂಜಿನ್‌ನ ಕಂಪ್ಯೂಟರ್, ಅಂದರೆ ಇಸಿಯು, ಇವೆರಡನ್ನೂ ಸದಾ ತಾಳೆ ನೋಡುತ್ತಿರುತ್ತದೆ. ತಾಳೆ ತಪ್ಪಿದರೆ ಪೆಡಲನ್ನು ನಂಬುವುದನ್ನೇ ಬಿಟ್ಟು ಎಂಜಿನ್ ದೀಪ ಹೊತ್ತಿಸುತ್ತದೆ, ವೇಗವನ್ನು ಕಟ್ಟಿಹಾಕುತ್ತದೆ. ಇದೇ ಲಿಂಪ್ ಮೋಡ್.

ನಿಮ್ಮ ಕಾಲು ಈಗ ತಟ್ಟೆಯನ್ನು ತೆರೆಯುತ್ತಿಲ್ಲ, ‘ಇಷ್ಟು ಎಳೆತ ಬೇಕು’ ಎಂದು ಇಸಿಯುಗೆ ಕೋರಿಕೆ ಸಲ್ಲಿಸುತ್ತಿದೆ, ಅಷ್ಟೇ. ಎಷ್ಟು ಕೊಡಬೇಕು, ಎಷ್ಟು ಬೇಗ ಕೊಡಬೇಕು ಎಂದು ನಿರ್ಧರಿಸುವುದು ಇಸಿಯು. ತಟ್ಟೆಯನ್ನು ಹೊತ್ತ ಥ್ರಾಟಲ್ ಬಾಡಿಯ ಮೋಟರ್ ಚುರುಕಾಗಿಯೇ ಇರುತ್ತದೆ, ಅದರಿಂದ ಆಗುವ ತಡ ಕಾಲಿಗೆ ತಿಳಿಯುವಷ್ಟಿಲ್ಲ. ತಡವಾಗುವುದು ತಯಾರಕರು ಬೇಕೆಂದೇ ಬರೆದಿಟ್ಟ ಎರಡು ಸಂಗತಿಗಳಿಂದ. ಒಂದು ಪೆಡಲ್ ಮ್ಯಾಪ್: ಕಾಲುಭಾಗ ಒತ್ತಿದರೂ ಅದಕ್ಕಿಂತ ಕಡಿಮೆ ಎಳೆತ ಕೊಡುವ ಲೆಕ್ಕಾಚಾರ. ಇನ್ನೊಂದು ಫಿಲ್ಟರ್: ಕೋರಿಕೆ ದಿಢೀರನೆ ಏರಿದರೂ ಎಳೆತವನ್ನು ಮೆಲ್ಲಗೆ ಏರಿಸುವ ವ್ಯವಸ್ಥೆ. ಗೇರ್‌ಗಳ ಸಡಿಲ ಮತ್ತು ಎಂಜಿನ್‌ನ ರಬ್ಬರ್ ಮೌಂಟ್‌ಗಳಿಂದ ಕಾರು ಜರ್ಕ್ ಹೊಡೆಯಬಾರದು, ಹೊಗೆಯ ಮಿತಿ ಮೀರಬಾರದು ಎಂಬ ಕಾರಣಕ್ಕೆ ಅದನ್ನು ಇಟ್ಟಿರುತ್ತಾರೆ. ಇವೆರಡರ ಆಚೆಗೆ, ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಸುತ್ತು ಹಿಡಿಯಲು ತೆಗೆದುಕೊಳ್ಳುವ ಹೊತ್ತು ಇದೆ, ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಗೇರ್ ಇಳಿಸುವ ಹೊತ್ತು ಇದೆ.

ಕಂಟ್ರೋಲರ್ ಮುಟ್ಟುವುದು ಇವುಗಳಲ್ಲಿ ಒಂದನ್ನು ಮಾತ್ರ, ಪೆಡಲ್ ಮ್ಯಾಪನ್ನು. ಪೆಡಲ್‌ಗೂ ಇಸಿಯುಗೂ ನಡುವೆ ಕೂತು, ನೀವು ಶೇ 30ರಷ್ಟು ಒತ್ತಿದರೆ ‘ಶೇ 50 ಒತ್ತಿದ್ದಾರೆ’ ಎಂದು ಅದು ವರದಿ ಮಾಡುತ್ತದೆ. ಎಂಜಿನ್‌ಗೆ ಒಂದು ಬಿಎಚ್‌ಪಿಯೂ ಸೇರುವುದಿಲ್ಲ. ಪೂರ್ತಿ ಒತ್ತಿದಾಗ ಮೊದಲು ಸಿಗುತ್ತಿದ್ದ ವೇಗವೇ ಈಗಲೂ ಸಿಗುತ್ತದೆ. ಇಸಿಯು ಒಳಗಿನ ಫಿಲ್ಟರ್ ಹಾಗೆಯೇ ಉಳಿಯುತ್ತದೆ. ಅದನ್ನು ಬದಲಿಸಬೇಕಾದರೆ ಇಸಿಯು ರೀಮ್ಯಾಪ್ ಮಾಡಿಸಬೇಕು, ಅಂದರೆ ಅದರ ಪ್ರೋಗ್ರಾಮನ್ನೇ ತಿದ್ದಿಸಬೇಕು, ಅದು ಬೇರೆಯೇ ಕೆಲಸ.

ಹಂತ 1: ತಡ ಎಲ್ಲಿದೆ ಎಂದು ಹುಡುಕುವುದು

ಖಾಲಿಯಿರುವ ನೇರ ರಸ್ತೆ ಬೇಕು, ಎಂಜಿನ್ ಬಿಸಿಯಾಗಿರಬೇಕು. ಮೂರನೇ ಗೇರ್‌ನಲ್ಲಿ ಸುಮಾರು 30 ಕಿ.ಮೀ. ವೇಗ ಹಿಡಿಯಿರಿ. ಆಟೊಮ್ಯಾಟಿಕ್ ಆದರೆ ಮ್ಯಾನ್ಯುವಲ್ ಮೋಡ್‌ಗೆ ಹಾಕಿ ಗೇರನ್ನು ಕಟ್ಟಿಹಾಕಿ, ಇಲ್ಲದಿದ್ದರೆ ಗೇರ್‌ಬಾಕ್ಸ್‌ನ ತಡವೂ ಲೆಕ್ಕಕ್ಕೆ ಬೆರೆಯುತ್ತದೆ. ಈಗ ಪೆಡಲನ್ನು ಕಾಲುಭಾಗ ಒತ್ತಿ ನೋಡಿ. ಮತ್ತೆ ಅದೇ ವೇಗಕ್ಕೆ ಬಂದು ಅದರ ಎರಡರಷ್ಟು ಒತ್ತಿ.

ಎರಡನೇ ಸಲ ಕಾರು ತಕ್ಷಣ ಎಳೆದರೆ ತಡ ಇರುವುದು ಪೆಡಲ್ ಮ್ಯಾಪ್‌ನಲ್ಲಿ. ಕಂಟ್ರೋಲರ್ ನೆರವಾಗುವುದು ಇಂಥ ಕಾರಿಗೇ. ಪೆಟ್ಟಿಗೆ ಮಾಡುವುದು ನೀವು ಈಗಷ್ಟೇ ಕಾಲಿನಿಂದ ಮಾಡಿದ ಕೆಲಸವನ್ನೇ ಎಂಬುದೂ ಇಲ್ಲೇ ಗೊತ್ತಾಗುತ್ತದೆ. ‘ಸ್ವಲ್ಪ ಹೆಚ್ಚು ಒತ್ತಿದರೆ ಸಾಕಲ್ಲ’ ಅನ್ನಿಸಿದರೆ ಕೊಳ್ಳುವ ಅಗತ್ಯವೇ ಇಲ್ಲ. ನೆಲ ಮುಟ್ಟುವಷ್ಟು ಒತ್ತಿದರೂ ಕಾರು ಕಾಯಿಸುತ್ತದೆಯೇ? ಹಾಗಿದ್ದರೆ ತಡ ಟರ್ಬೊದಲ್ಲೋ, ಫಿಲ್ಟರ್‌ನಲ್ಲೋ, ಯಾವುದೋ ದೋಷದಲ್ಲೋ ಇದೆ. ಟರ್ಬೊ ಇರುವ ಕಾರಿನಲ್ಲಿ ಇದೇ ಪರೀಕ್ಷೆಯನ್ನು 1,500 ಆರ್‌ಪಿಎಂನಲ್ಲಿ ಒಮ್ಮೆ, 2,500ರಲ್ಲಿ ಒಮ್ಮೆ ಮಾಡಿ. ಕೆಳಗೆ ಮಾತ್ರ ಕಾಯಿಸಿ ಮೇಲೆ ಚುರುಕಾಗಿದ್ದರೆ ಅದು ಟರ್ಬೊ ಲ್ಯಾಗ್. ಅದಕ್ಕೆ ಮದ್ದು ಒಂದು ಗೇರ್ ಇಳಿಸುವುದು.

ಹಂತ 2: ಸ್ಕ್ಯಾನರ್‌ನಲ್ಲಿ ನೋಡುವುದು

ಸ್ಟಿಯರಿಂಗ್ ಕೆಳಗಿನ ಒಬಿಡಿ (ಇಸಿಯು ಮಾಹಿತಿ ಓದುವ) ಸಾಕೆಟ್‌ಗೆ ಸಾಧಾರಣ ಬ್ಲೂಟೂತ್ ಸ್ಕ್ಯಾನರ್ ಹಾಕಿದರೆ ಸಾಕು. ಮೊಬೈಲ್ ಆ್ಯಪ್‌ನಲ್ಲಿ ಮೂರನ್ನು ಮಾತ್ರ ಆರಿಸಿ: ಆಕ್ಸಿಲರೇಟರ್ ಪೆಡಲ್ ಪೊಸಿಷನ್ ಡಿ (ಕಾಲು ಎಷ್ಟು ಒತ್ತಿದೆ), ಕಮಾಂಡೆಡ್ ಥ್ರಾಟಲ್ (ಎಷ್ಟು ತೆರೆಯಲು ಇಸಿಯು ಹೇಳಿದೆ), ಥ್ರಾಟಲ್ ಪೊಸಿಷನ್ (ತಟ್ಟೆ ನಿಜಕ್ಕೂ ಎಷ್ಟು ತೆರೆದಿದೆ). ಹತ್ತು ಆರಿಸಿದರೆ ಸ್ಕ್ಯಾನರ್ ಒಂದೊಂದನ್ನೇ ಸರದಿಯಲ್ಲಿ ಕೇಳುತ್ತಾ ಕೂರುತ್ತದೆ. ಅರ್ಧ ಸೆಕೆಂಡಿನ ತಡವನ್ನು ಹುಡುಕುವಾಗ ಸ್ಕ್ಯಾನರೇ ಅರ್ಧ ಸೆಕೆಂಡ್ ತಡಮಾಡಿದರೆ ಏನೂ ತಿಳಿಯದು. ರೀಡಿಂಗ್ ನೋಡುವ ಕೆಲಸ ಪಕ್ಕದ ಸೀಟಿನವರದು, ಓಡಿಸುವವರದಲ್ಲ.

ಕಾಲು ತೆಗೆದಾಗಲೂ ಪೆಡಲ್‌ನ ರೀಡಿಂಗ್ ಸೊನ್ನೆ ಇರುವುದಿಲ್ಲ, ಅನೇಕ ಕಾರುಗಳಲ್ಲಿ ಅದು ಶೇ 15ರ ಆಸುಪಾಸಿನಲ್ಲಿರುತ್ತದೆ. ಪೂರ್ತಿ ಒತ್ತಿದರೂ 100 ಮುಟ್ಟದೇ ಇರಬಹುದು. ಎರಡೂ ಸಹಜವೇ. ಈ ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳಿ, ಪೆಟ್ಟಿಗೆ ಕೂರಿಸಿದ ಮೇಲೆ ಬೇಕಾಗುತ್ತವೆ.

ಪೆಡಲ್‌ನ ಗೆರೆ ನೆಟ್ಟಗೆ ಏರಿ, ಕಮಾಂಡೆಡ್ ಗೆರೆ ನಿಧಾನವಾಗಿ ಏರಿದರೆ ತಡ ಇಸಿಯು ಲೆಕ್ಕಾಚಾರದಲ್ಲಿದೆ. ಕಮಾಂಡೆಡ್ ಏರಿದರೂ ಥ್ರಾಟಲ್ ಪೊಸಿಷನ್ ಹಿಂದುಳಿದರೆ ಥ್ರಾಟಲ್ ಬಾಡಿಯೇ ಅಂಟುತ್ತಿದೆ ಅಥವಾ ಅದರ ಮೋಟರ್ ಸೋತಿದೆ. ಮೂರೂ ಒಟ್ಟಿಗೆ ಏರಿ ಎಂಜಿನ್ ಮಾತ್ರ ಸುಮ್ಮನಿದ್ದರೆ ಗಾಳಿ, ಇಂಧನ, ಟರ್ಬೊ ಕಡೆ ನೋಡಬೇಕು. ಆರ್‌ಪಿಎಂ ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಡೀಸೆಲ್ ಕಾರಿನಲ್ಲಿ ಈ ಹೋಲಿಕೆ ನಡೆಯುವುದಿಲ್ಲ. ಅಲ್ಲಿ ಎಳೆತವನ್ನು ನಿರ್ಧರಿಸುವುದು ಸಿಂಪಡಿಸುವ ಡೀಸೆಲ್‌ನ ಪ್ರಮಾಣ, ಥ್ರಾಟಲ್ ತಟ್ಟೆಯಿದ್ದರೂ ಅದರ ಕೆಲಸ ಬೇರೆ. ಹಾಗಾಗಿ ಪೆಡಲ್ ಜೊತೆಗೆ ಎಂಜಿನ್ ಲೋಡ್‌ನ (ಎಂಜಿನ್ ಎಷ್ಟು ದುಡಿಯುತ್ತಿದೆ ಎಂಬ) ಅಂಕಿ ನೋಡಿ. ಪೆಡಲ್ ಸಿಗ್ನಲ್ ಮಾತ್ರ ಪೆಟ್ರೋಲ್ ಕಾರಿನಂತೆಯೇ ಇರುವುದರಿಂದ ಕಂಟ್ರೋಲರ್ ಡೀಸೆಲ್‌ಗೂ ಹೊಂದುತ್ತದೆ.

ದೋಷ ಸಿಕ್ಕಿದರೆ ಮೊದಲು ಅದನ್ನು ಸರಿಪಡಿಸಿ. ಕೊಳೆಯಾದ ಏರ್ ಫಿಲ್ಟರ್, ಬಿರುಕು ಬಿಟ್ಟ ಇನ್‌ಟೇಕ್ ಹೋಸ್, ತಟ್ಟೆಯ ಅಂಚಿಗೆ ಕಟ್ಟಿದ ಕಾರ್ಬನ್ ಇವು ಸಾಮಾನ್ಯ ಅಪರಾಧಿಗಳು. ಥ್ರಾಟಲ್ ಬಾಡಿ ಸ್ವಚ್ಛಗೊಳಿಸುವಾಗ ಕ್ಲೀನರನ್ನು ಬಟ್ಟೆಗೆ ಸಿಂಪಡಿಸಿ ಒರೆಸಿ. ಇಗ್ನಿಷನ್ ಆನ್ ಇರುವಾಗ ತಟ್ಟೆಯ ಬಳಿ ಬೆರಳು ಒಯ್ಯಲೇಬೇಡಿ, ಮೋಟರ್ ಎಚ್ಚರಿಕೆ ಕೊಡದೆ ಮುಚ್ಚುತ್ತದೆ. ಬಲವಂತವಾಗಿ ತಟ್ಟೆ ತಳ್ಳಿದರೆ ಒಳಗಿನ ಪ್ಲಾಸ್ಟಿಕ್ ಗೇರ್ ಹೋಗಬಹುದು. ಸ್ವಚ್ಛಗೊಳಿಸಿದ ಮೇಲೆ ಕೆಲವು ಕಾರುಗಳಿಗೆ ಐಡಲ್ ರೀಲರ್ನ್ (ಕಾಲು ತೆಗೆದಾಗಿನ ತಟ್ಟೆಯ ಸ್ಥಿತಿಯನ್ನು ಇಸಿಯುಗೆ ಮತ್ತೆ ಕಲಿಸುವುದು) ಮಾಡಿಸಬೇಕಾಗುತ್ತದೆ.

ಹಂತ 3: ಸರಿಯಾದ ಪೆಟ್ಟಿಗೆ

ಕಾರಿನ ಮಾದರಿ, ವರ್ಷ, ಎಂಜಿನ್ ಮೂರೂ ಹೊಂದಬೇಕು. ಕಪ್ಲರ್‌ನ (ವೈರುಗಳ ಪ್ಲಗ್‌ನ) ಆಕಾರ ಒಂದೇ ಇದ್ದು, ಆರು ಪಿನ್ ಇದ್ದ ಮಾತ್ರಕ್ಕೆ ಸಾಲದು. ಯಾವ ಪಿನ್‌ನಲ್ಲಿ ಸಪ್ಲೈ, ಯಾವುದರಲ್ಲಿ ಸಿಗ್ನಲ್ ಎಂಬುದು ಕಾರಿನಿಂದ ಕಾರಿಗೆ ಬದಲಾಗುತ್ತದೆ. ವೈರ್ ಕತ್ತರಿಸಿ ಜೋಡಿಸುವ ಕಿಟ್ ಬೇಡವೇ ಬೇಡ. ಪೆಡಲ್ ಸಿಗ್ನಲ್‌ನಂಥ ಸೂಕ್ಷ್ಮ ಜಾಗದಲ್ಲಿ ಟೇಪ್ ಸುತ್ತಿದ ಜೋಡಣೆಗೆ ಅವಕಾಶ ಕೊಡಬಾರದು. ಪೆಟ್ಟಿಗೆಯಲ್ಲಿ ಕಾರಿನ ಮೂಲ ಮ್ಯಾಪ್‌ಗೆ ಮರಳುವ ಮೋಡ್ (ಕಂಪನಿ ಮೋಡ್) ಇರಬೇಕು, ಮೊಬೈಲ್ ಜೊತೆಗಿಲ್ಲದಿದ್ದರೂ ಸೆಟ್ಟಿಂಗ್ ಉಳಿಯಬೇಕು. ಕಾರು ವಾರಂಟಿಯಲ್ಲಿದ್ದರೆ ಇದನ್ನು ಹಾಕಬಹುದೇ ಎಂದು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಹಂತ 4: ಕೂರಿಸುವುದು

ಇಗ್ನಿಷನ್ ಆಫ್ ಮಾಡಿ ಕೀ ತೆಗೆಯಿರಿ. ಬಟನ್ ಸ್ಟಾರ್ಟ್ ಆದರೆ ಕೀಯನ್ನು ಕಾರಿನಿಂದ ದೂರ ಇಡಿ. ಆಮೇಲೆ 10ರಿಂದ 15 ನಿಮಿಷ ಕಾಯಿರಿ. ಕೀ ತೆಗೆದ ಕೂಡಲೇ ಇಸಿಯು ಮಲಗುವುದಿಲ್ಲ. ಅದು ಎಚ್ಚರವಿರುವಾಗ ಪೆಡಲ್ ಕಪ್ಲರ್ ಕಿತ್ತರೆ ದೋಷದ ಕೋಡ್ ದಾಖಲಾಗುತ್ತದೆ. ಕೂರಿಸಿದ ಕೂಡಲೇ ಎಂಜಿನ್ ದೀಪ ಹೊತ್ತಿಕೊಂಡಿತು ಎಂಬ ದೂರುಗಳ ಹಿಂದೆ ಹೆಚ್ಚಾಗಿ ಈ ಅವಸರವೇ ಇರುತ್ತದೆ.

ಡ್ರೈವರ್ ಸೀಟನ್ನು ಹಿಂದಕ್ಕೆ ತಳ್ಳಿ, ಟಾರ್ಚ್ ಹಿಡಿದು ಪೆಡಲ್‌ನ ಮೇಲ್ಭಾಗ ನೋಡಿ. ಕಪ್ಲರ್ ಮೇಲೆ ಬಣ್ಣದ ಲಾಕ್ ಇದ್ದರೆ ಮೊದಲು ಅದನ್ನು ಜಾರಿಸಿ, ಆಮೇಲೆ ನಾಲಿಗೆ ಒತ್ತಿ ಕಪ್ಲರ್‌ನ ಮೈ ಹಿಡಿದು ಎಳೆಯಿರಿ. ವೈರ್ ಹಿಡಿದು ಎಳೆದರೆ ಪಿನ್ ಹಿಂದಕ್ಕೆ ಸರಿಯುತ್ತದೆ. ಹೊರಗಿನಿಂದ ಎಲ್ಲವೂ ಸರಿ ಕಂಡರೂ ಒಳಗೆ ಸಂಪರ್ಕ ಬಂದು ಹೋಗಿ ಮಾಡುತ್ತದೆ. ಕೈಗೆ ಎಟುಕದಿದ್ದರೆ ಪೆಡಲ್‌ನ ಬೋಲ್ಟುಗಳನ್ನು ಬಿಚ್ಚಿ ಇಡೀ ಪೆಡಲ್ ಇಳಿಸಿಕೊಳ್ಳುವುದೇ ವಾಸಿ.

ಕಂಟ್ರೋಲರ್‌ನ ಒಂದು ತುದಿ ಪೆಡಲ್‌ಗೆ, ಇನ್ನೊಂದು ಕಾರಿನ ವೈರಿಂಗ್‌ಗೆ. ಎರಡೂ ಕಡೆ ‘ಟಕ್’ ಎಂಬ ಸದ್ದು ಕೇಳಲೇಬೇಕು. ವೈರನ್ನು ಪೆಡಲ್‌ಗಳ ಓಟದಿಂದಲೂ ಸ್ಟಿಯರಿಂಗ್ ರಾಡ್‌ನಿಂದಲೂ ದೂರಕ್ಕೆ ಒಯ್ದು, ಅಲುಗದ ಬ್ರಾಕೆಟ್‌ಗೆ ಪ್ಲಾಸ್ಟಿಕ್ ಟೈ ಹಾಕಿ ಕಟ್ಟಿ. ಜೋತಾಡುವ ವೈರ್ ಬ್ರೇಕ್ ಪೆಡಲ್‌ಗೆ ಸಿಕ್ಕಿಕೊಂಡರೆ ಅನಾಹುತ. ಮ್ಯಾಟ್ ಪೆಡಲ್‌ಗೆ ತಾಗುತ್ತಿಲ್ಲ ಎಂಬುದನ್ನೂ ನೋಡಿ.

ಈಗ ಪೆಡಲ್ ಮೇಲೆ ಕಾಲಿಡದೆ ಇಗ್ನಿಷನ್ ಆನ್ ಮಾಡಿ, ಎಂಜಿನ್ ಬೇಡ. ಬಿಟ್ಟ ಪೆಡಲ್‌ನ ಸ್ಥಿತಿಯನ್ನು ಇಸಿಯು ಮತ್ತು ಪೆಟ್ಟಿಗೆ ಗುರುತಿಸುವುದು ಆಗಲೇ. ಕೈಪಿಡಿ ಹೇಳಿದ್ದರೆ ಪೆಡಲನ್ನು ನಿಧಾನವಾಗಿ ಪೂರ್ತಿ ಒತ್ತಿ ಬಿಟ್ಟು ಕ್ಯಾಲಿಬ್ರೇಟ್ ಮಾಡಿ. ಬಳಿಕ ಸ್ಕ್ಯಾನರ್ ತೆರೆಯಿರಿ. ಕಾಲು ತೆಗೆದಾಗಿನ ಮತ್ತು ಪೂರ್ತಿ ಒತ್ತಿದಾಗಿನ ಅಂಕಿಗಳು ಮೊದಲು ಬರೆದಿಟ್ಟವೇ ಆಗಿರಬೇಕು, ನಡುವಿನವು ಮಾತ್ರ ಏರಿರಬೇಕು. ಕಾಲು ತೆಗೆದಾಗಿನ ಅಂಕಿಯೇ ಏರಿದ್ದರೆ ಆ ಪೆಟ್ಟಿಗೆಯೊಂದಿಗೆ ಕಾರು ಓಡಿಸಬೇಡಿ. ಕಾರು ನಿಂತಲ್ಲೇ ಎಂಜಿನ್ ಸ್ಟಾರ್ಟ್ ಮಾಡಿ ಐಡಲ್ ಆರ್‌ಪಿಎಂ ಮೊದಲಿನಷ್ಟೇ ಇದೆಯೇ ಎಂದು ನೋಡಿಕೊಳ್ಳಿ.

ಹಂತ 5: ಎಷ್ಟು ಏರಿಸಬೇಕು?

ಹೆಚ್ಚಿನವರು ಮೊದಲ ದಿನವೇ ಅತಿ ಚುರುಕಿನ ಮೋಡ್‌ಗೆ ಹಾಕಿ, ವಾರದೊಳಗೆ ಬೇಸತ್ತು ಕೆಳಗಿಳಿಸುತ್ತಾರೆ. ಕಾರಣ ಸರಳ ಲೆಕ್ಕದಲ್ಲಿದೆ. ಪೆಡಲ್‌ನ ಓಟ 50 ಮಿ.ಮೀ. ಎಂದುಕೊಳ್ಳಿ. ಸಿಗ್ನಲನ್ನು ದುಪ್ಪಟ್ಟು ಮಾಡಿದರೆ ಮೊದಲ 25 ಮಿ.ಮೀ.ನಲ್ಲೇ ಎಲ್ಲ ಕೋರಿಕೆ ಮುಗಿಯುತ್ತದೆ, ಉಳಿದ 25 ಮಿ.ಮೀ. ಒತ್ತಿದರೂ ಏನೂ ಆಗದು. ಮೊದಲು 1 ಮಿ.ಮೀ. ಕಾಲಾಡಿಸಿದರೆ ಆಗುತ್ತಿದ್ದ ಬದಲಾವಣೆ ಈಗ ಅರ್ಧ ಮಿ.ಮೀ.ಗೇ ಆಗುತ್ತದೆ. ಹೆದ್ದಾರಿಯಲ್ಲಿ ಇದು ಹಿತವಾಗಬಹುದು. ಗುಂಡಿ ಬಿದ್ದ ರಸ್ತೆಯಲ್ಲಿ ಕಾಲು ಕುಲುಕಿದಂತೆಲ್ಲ ಕಾರೂ ಜಗ್ಗುತ್ತದೆ. ಒಳ್ಳೆಯ ಪೆಟ್ಟಿಗೆಗಳು ಹೀಗೆ ನೇರವಾಗಿ ಗುಣಿಸದೆ ಬಾಗಿದ ರೇಖೆ ಬಳಸುತ್ತವೆ, ಆದರೂ ಮೇಲಿನ ಮೋಡ್‌ಗಳಲ್ಲಿ ಫಲಿತಾಂಶ ಇದಕ್ಕೆ ಹತ್ತಿರವೇ.

ಪೆಟ್ಟಿಗೆಯ ‘ಸ್ಪೋರ್ಟ್’ ಎಂಬ ಚುರುಕಿನ ಮೋಡ್‌ಗಿಂತ ಕೆಳಗಿನ ಮೋಡ್‌ನ ಅತಿ ಕಡಿಮೆ ಹಂತದಿಂದ ಶುರುಮಾಡಿ. ರಿವರ್ಸ್ ಪಾರ್ಕಿಂಗ್, ಏರಿನಲ್ಲಿ ಹಾಫ್ ಕ್ಲಚ್, ಬಂಪರಿಗೆ ಬಂಪರ್ ತಾಗುವ ಟ್ರಾಫಿಕ್, ಈ ಮೂರರಲ್ಲೂ ಕಾಲು ಹಿಡಿತದಲ್ಲಿದ್ದರೆ ಮಾತ್ರ ಒಂದು ಹಂತ ಮೇಲಕ್ಕೆ ಹೋಗಿ. ಮಳೆಯಲ್ಲಿ ಕಂಪನಿ ಮೋಡ್‌ಗೆ ಮರಳುವುದು ಲೇಸು. ಮನೆಯ ಬೇರೆಯವರು ಕಾರು ತೆಗೆಯುವಾಗಲೂ ಅಷ್ಟೇ. ಹೇಳದೆ ಕೊಟ್ಟರೆ ಪಾರ್ಕಿಂಗ್‌ನಲ್ಲಿ ಗೋಡೆಗೆ ತಾಗುವ ಅಪಾಯ ನಿಜವಾದದ್ದು. ಆಟೊಮ್ಯಾಟಿಕ್‌ನಲ್ಲಿ ಗೇರ್‌ಬಾಕ್ಸ್ ಕೂಡ ಇದೇ ಪೆಡಲ್ ಸಿಗ್ನಲ್ ನೋಡಿ ನಿರ್ಧರಿಸುವುದರಿಂದ ಗೇರ್ ಏರುವುದು ತಡವಾಗಿ, ಇಳಿಯುವುದು ಬೇಗ ಆಗುತ್ತದೆ. ಇಂಧನ ಹೆಚ್ಚು ಹೋಗುವುದು ಈ ದಾರಿಯಲ್ಲಿ. ಪೆಟ್ಟಿಗೆಯ ಇಕೊ ಮೋಡ್ ಮಾತ್ರ ಪೆಡಲನ್ನು ಮಂದಗೊಳಿಸುತ್ತದೆ. ಕಲ್ಲುದಾರಿಯಲ್ಲಿ ತೆವಳುವಾಗ ಅದೇ ಹೆಚ್ಚು ಉಪಯುಕ್ತ.

ಕೈಕೊಟ್ಟಾಗ

ಎಂಜಿನ್ ದೀಪ ಹೊತ್ತಿ ಕಾರು ಎಳೆಯುವುದನ್ನು ನಿಲ್ಲಿಸಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಓದಿ. ಪಿ2138 ಎಂದರೆ ಪೆಡಲ್‌ನ ಎರಡು ಸಿಗ್ನಲ್‌ಗಳ ತಾಳೆ ತಪ್ಪಿದೆ. ಪಿ2122 ಅಥವಾ ಪಿ2127 ಬಂದರೆ ಅವುಗಳಲ್ಲಿ ಒಂದರ ವೋಲ್ಟೇಜ್ ತೀರ ಕೆಳಗಿದೆ, ಬಹುಪಾಲು ಸಡಿಲ ಕಪ್ಲರ್ ಅಥವಾ ಸರಿದ ಪಿನ್. ಪಿ2135 ಪೆಡಲ್‌ನದಲ್ಲ, ಥ್ರಾಟಲ್ ಬಾಡಿಯ ಸೆನ್ಸರ್‌ಗಳದು. ಒದ್ದೆ ಶೂಗಳಿಂದಾಗಿ ಕಪ್ಲರ್ ಬಳಿ ತೇವ ಸೇರಿದೆಯೇ, ಪಿನ್‌ಗಳಿಗೆ ಹಸಿರು ಕಿಲುಬು ಹಿಡಿದಿದೆಯೇ ಎಂದೂ ನೋಡಿ.

ಇಂಥ ಹೊತ್ತಿನಲ್ಲಿ ಪೆಟ್ಟಿಗೆಯನ್ನು ಕಂಪನಿ ಮೋಡ್‌ಗೆ ಹಾಕಿದರೆ ಸಾಲದು, ಆ ಮೋಡ್‌ನಲ್ಲೂ ಹಲವು ಪೆಟ್ಟಿಗೆಗಳಲ್ಲಿ ಸಿಗ್ನಲ್ ಹಾದುಹೋಗುವುದು ಅದರೊಳಗಿಂದಲೇ. ಇಗ್ನಿಷನ್ ಆಫ್ ಮಾಡಿ, ಮತ್ತೆ ಅದೇ 15 ನಿಮಿಷ ಕಾದು, ಪೆಟ್ಟಿಗೆ ಕಿತ್ತು ಮೂಲ ಕಪ್ಲರನ್ನು ನೇರವಾಗಿ ಪೆಡಲ್‌ಗೆ ಸಿಕ್ಕಿಸಿ, ಕೋಡ್ ಅಳಿಸಿ. ದೀಪ ಮರಳದಿದ್ದರೆ ದೋಷ ಪೆಟ್ಟಿಗೆಯಲ್ಲಿ ಅಥವಾ ಅದರ ವೈರ್‌ನಲ್ಲಿತ್ತು. ಪೆಟ್ಟಿಗೆ ಇಲ್ಲದೆಯೂ ಪಿ2138 ಮತ್ತೆ ಬಂದರೆ ಕಾರಿನ ವೈರಿಂಗ್ ಕಡೆಯ ಪಿನ್‌ಗಳನ್ನು ಪರೀಕ್ಷಿಸಿ. ಅವು ಸರಿಯಿದ್ದರೆ ಪೆಡಲ್ ಸೆನ್ಸರೇ ಸವೆದಿದೆ, ಪೆಡಲ್ ಅಸೆಂಬ್ಲಿ ಬದಲಿಸಬೇಕು.