ನೀಲನಕ್ಷೆ ಕೈಯಲ್ಲಿಟ್ಟುಕೊಂಡೇ ಇಂಗ್ಲಿಷ್ ಕಲಿಸುವ ಬಗೆ: ಪ್ರೌಢಶಾಲೆ ಶಿಕ್ಷಕರಿಗೆ

ಎಸ್ಸೆಸ್ಸೆಲ್ಸಿ ದ್ವಿತೀಯ ಭಾಷೆ ಇಂಗ್ಲಿಷಿಗೆ 100 ಅಂಕ: ಲಿಖಿತ ಪರೀಕ್ಷೆಗೆ 80, ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ 20. ಆ 80ರಲ್ಲಿ ಮಕ್ಕಳಿಗೆ ಇಂಗ್ಲಿಷ್ ಮಾತಾಡಲು ಬರುತ್ತದೆಯೇ, ಕೇಳಿದರೆ ತಿಳಿಯುತ್ತದೆಯೇ ಎಂದು ನೋಡುವ ಜಾಗವೇ ಇಲ್ಲ. ಹೀಗಾಗಿ ಧಾರವಾಡ, ಗದಗ, ಹಾವೇರಿ ಕಡೆಯ ಎಷ್ಟೋ ಕನ್ನಡ ಮಾಧ್ಯಮ ಶಾಲೆಗಳಲ್ಲಿ ದಸರಾ ರಜೆ ಮುಗಿಯುತ್ತಲೇ ಇಂಗ್ಲಿಷ್ ಪಿರಿಯಡ್ಡು ಪ್ರಶ್ನೋತ್ತರ ಬರೆಸುವ ಪಿರಿಯಡ್ಡಾಗುತ್ತದೆ. ಹೊಸ ಪದ್ಯ ತೆಗೆದ ಕೂಡಲೇ ಮಕ್ಕಳು ಕೇಳುವುದು, “ಸರ, ಇದು ಪರೀಕ್ಷಾಕ್ಕ ಬರ್ತದೇನ್ರಿ?”

ಪರೀಕ್ಷೆಯು ಪಾಠದ ಮೇಲೆ ಹೀಗೆ ಬೀರುವ ಪರಿಣಾಮಕ್ಕೆ ಭಾಷಾ ತಜ್ಞರು ‘ವಾಶ್‌ಬ್ಯಾಕ್’ ಅನ್ನುತ್ತಾರೆ. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಡಯಾನ್ ವಾಲ್ ಮತ್ತು ಚಾರ್ಲ್ಸ್ ಆಲ್ಡರ್ಸನ್ ಶ್ರೀಲಂಕಾದ ಶಾಲೆಗಳಲ್ಲಿ ಇದನ್ನು ಅಭ್ಯಾಸ ಮಾಡಿ 1993ರಲ್ಲಿ ಪ್ರಕಟಿಸಿದರು. ಹೊಸ ಪರೀಕ್ಷೆ ಬಂದಾಗ ಶಿಕ್ಷಕರು ಏನು ಕಲಿಸುತ್ತಾರೆ ಎಂಬುದು ಬದಲಾಗಿತ್ತು. ಹೇಗೆ ಕಲಿಸುತ್ತಾರೆ ಎಂಬುದು ಬದಲಾಗಿರಲಿಲ್ಲ. ಪ್ರಶ್ನೆಪತ್ರಿಕೆ ಸುಧಾರಿಸಲಿ, ಆಮೇಲೆ ನೋಡೋಣ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಈಗಿರುವ ಪತ್ರಿಕೆಯನ್ನೇ ಹಿಡಿದು ಭಾಷೆ ಕಲಿಸಬಹುದು.

ಮೊದಲು ಪರೀಕ್ಷಾ ಮಂಡಳಿಯ ನೀಲನಕ್ಷೆ (ಪತ್ರಿಕೆಯಲ್ಲಿ ಯಾವುದಕ್ಕೆ ಎಷ್ಟು ಅಂಕ ಎಂಬ ಪಟ್ಟಿ) ಮತ್ತು ಹಿಂದಿನ ಮೂರು ವರ್ಷಗಳ ಪತ್ರಿಕೆಗಳನ್ನು ಮುಂದಿಟ್ಟುಕೊಳ್ಳಿ. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಪ್ರಶ್ನೆ, ಅದಕ್ಕಿರುವ ಅಂಕ, ಬಾಯಿಪಾಠ ಮಾಡಿದರೆ ಸಾಕೇ. ಪದ್ಯದ ಸಾಲು ನೆನಪಿನಿಂದ ಬರೆಯುವುದಕ್ಕೆ ಬಾಯಿಪಾಠ ಸಾಕು. ಪಾಠದೊಳಗಿನ ಪ್ರಶ್ನೆಗಳಿಗೆ ಗೈಡ್ ಅರ್ಧ ದಾರಿ ದಾಟಿಸುತ್ತದೆ. ಓದದ ಗದ್ಯಭಾಗ, ವ್ಯಕ್ತಿ ಪರಿಚಯ, ಚಿತ್ರ ನೋಡಿ ಬರೆಯುವುದು, ಪತ್ರ, ಪ್ರಬಂಧ ಇವುಗಳಿಗೆ ಬಾಯಿಪಾಠ ಕೈಕೊಡುತ್ತದೆ. ತರಗತಿಯ ಸಮಯ ಹೋಗಬೇಕಾದದ್ದು ಇಲ್ಲಿಗೆ. ಪದ್ಯ ಬಾಯಿಪಾಠ ಮನೆಗೆ ಬಿಡಿ, ಶಾಲೆಯಲ್ಲಿ ದಿನಕ್ಕೆ ಐದು ನಿಮಿಷ ಒಪ್ಪಿಸಲಿ.

ವ್ಯಕ್ತಿ ಪರಿಚಯವನ್ನೇ ನೋಡಿ. ವಯಸ್ಸು, ಎತ್ತರ, ಶಿಕ್ಷಣ, ಹವ್ಯಾಸ, ಹೆಸರುವಾಸಿಯಾದ ಕಾರಣ ಇರುವ ಪಟ್ಟಿ ಕೊಟ್ಟು ವಾಕ್ಯವೃಂದ ಬರೆ ಅನ್ನುತ್ತಾರೆ. ಅಭ್ಯಾಸವಿಲ್ಲದ ಮಕ್ಕಳು ‘ಹಿ ಈಸ್ ಹೈಟ್ 5.6’ ಎಂದು ಬರೆಯುತ್ತಾರೆ. ಕಾರಣ ಸುಲಭ: ಪಟ್ಟಿಯಲ್ಲಿ ಕಂಡ ಪದಕ್ಕೆ ‘ಹಿ ಈಸ್’ ಅಂಟಿಸಿದ್ದಾರೆ. ಯಾವ ಪದಕ್ಕೆ ‘ಈಸ್’, ಯಾವುದಕ್ಕೆ ‘ಹ್ಯಾಸ್’, ಯಾವುದಕ್ಕೆ ‘ಲೈಕ್ಸ್’ ಎಂಬುದನ್ನು ಯಾರೂ ಬಿಡಿಸಿ ತೋರಿಸಿಲ್ಲ. ಕಲಿಸುವಾಗ ಹೀಗೆ ಮಾಡಿ. ಮೊದಲ ದಿನ ಪಟ್ಟಿ ಬೇಡ. ಪಕ್ಕದವರನ್ನು ಇಂಗ್ಲಿಷಿನಲ್ಲೇ ಐದು ಪ್ರಶ್ನೆ ಕೇಳಿ ಉತ್ತರ ಗುರುತು ಹಾಕಿಕೊಳ್ಳಲಿ. ಎರಡನೇ ದಿನ ಆ ಐದು ಉತ್ತರ ಐದು ವಾಕ್ಯವಾಗಲಿ. ಮೂರನೇ ದಿನ ಊರಿನವರೊಬ್ಬರ ಬಗ್ಗೆ ಮಕ್ಕಳೇ ಪಟ್ಟಿ ಮಾಡಲಿ: ನವಲಗುಂದದಲ್ಲಿ ಜಮಖಾನ ನೇಯುವವರು, ಬ್ಯಾಡಗಿ ಮಾರುಕಟ್ಟೆಯ ಹಮಾಲರು, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಚಾಲಕರು ಯಾರಾದರೂ ಸರಿ. ಪಟ್ಟಿಯನ್ನು ಬೇರೆಯವರಿಗೆ ಕೊಟ್ಟು ಬರೆಸಿ. ಪಟ್ಟಿ ಮಾಡಿದವರು ಮರಳಿ ಓದಿ ತಪ್ಪು ಹಿಡಿಯಲಿ. ಮೂರು ಪಿರಿಯಡ್ಡಿನಲ್ಲಿ ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ನಾಲ್ಕೂ ಆದವು, ಪರೀಕ್ಷೆಯ ಪ್ರಶ್ನೆಯೂ ಆಯಿತು.

ಪತ್ರದ ಕಥೆಯೂ ಇದೇ. ಒಂದೇ ಪತ್ರ ಉರು ಹೊಡೆಸಿದರೆ, ಗೆಳೆಯನಿಗೆ ಬರೆ ಎಂದ ಪ್ರಶ್ನೆಗೂ ಮುಖ್ಯೋಪಾಧ್ಯಾಯರಿಗೆ ಬರೆದ ರಜಾ ಅರ್ಜಿಯೇ ಬರುತ್ತದೆ. ಚೌಕಟ್ಟು (ವಿಳಾಸ, ದಿನಾಂಕ, ಸಂಬೋಧನೆ, ಸಹಿ) ಒಂದು ಪಿರಿಯಡ್ಡಿನಲ್ಲಿ ಮುಗಿಸಿ. ಆಮೇಲೆ ಒಂದೇ ವಿಷಯವನ್ನು ಇಬ್ಬರಿಗೆ ಬರೆಸಿ: ಸಂಜೆ ಬಸ್ಸು ಬರುತ್ತಿಲ್ಲ ಎಂದು ಸಾರಿಗೆ ಸಂಸ್ಥೆಯ ಡಿಪೋ ವ್ಯವಸ್ಥಾಪಕರಿಗೆ ಒಂದು, ಅದೇ ಗೋಳು ಹುಬ್ಬಳ್ಳಿಯಲ್ಲಿರುವ ಅಣ್ಣನಿಗೆ ಇನ್ನೊಂದು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಯಾವ ಮಾತು ಯಾರಿಗೆ ಎಂಬುದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಹಾಳು ಮಾಡುತ್ತಿರುವುದು ಸಾಲು ಸಾಲಿಗೂ ಕನ್ನಡ ಅನುವಾದ ಹೇಳುವ ರೂಢಿ. ಪಠ್ಯ ಬೇಗ ಮುಗಿಯುತ್ತದೆ, ನಿಜ. ಆದರೆ ಮಕ್ಕಳು ಕೇಳಿದ್ದು ಕನ್ನಡದ ಕಥೆ. ಇಂಗ್ಲಿಷ್ ಸಾಲಿನ ಮೇಲೆ ಅವರ ಕಣ್ಣು ಓಡಿಲ್ಲ. ಮಾರ್ಚಿನಲ್ಲಿ ಓದದ ಗದ್ಯ ಎದುರಾದಾಗ ಅನುವಾದಿಸಲು ಯಾರೂ ಇರುವುದಿಲ್ಲ. ವಾರಕ್ಕೊಮ್ಮೆ 100–120 ಪದಗಳ ಹೊಸ ಗದ್ಯ ಕೊಡಿ. ಮೊದಲು ಪ್ರಶ್ನೆ ಓದಲಿ, ನಂತರ ಐದು ನಿಮಿಷ ಮೌನವಾಗಿ ಗದ್ಯ ಓದಲಿ, ಉತ್ತರ ಇರುವ ಸಾಲಿಗೆ ಪೆನ್ಸಿಲಿನಿಂದ ಗೆರೆ ಎಳೆಯಲಿ. ಕನ್ನಡ ಬೇಡವೆಂದಲ್ಲ, ಓದಿ ಮುಗಿದ ಮೇಲೆ, ಅಡ್ಡಗಾಲು ಹಾಕಿದ ಎರಡು ಮೂರು ಪದಗಳಿಗೆ ಬಳಸಿ. ಬೀಜದ ಪಾಕೀಟು, ಔಷಧಿ ಡಬ್ಬಿ, ರೈಲು ವೇಳಾಪಟ್ಟಿ ಎಲ್ಲವೂ ಒಳ್ಳೆಯ ಗದ್ಯಗಳೇ.

ಇನ್ನು ಆ 20 ಅಂಕ. ಬಹಳ ಕಡೆ ಇವು ಫೈಲಿನಲ್ಲೇ ತುಂಬಿಹೋಗುತ್ತವೆ: ಎಲ್ಲರಿಗೂ 18, 19. ಮಾತಿಗೆ ಅಂಕ ಕೊಡಬಹುದಾದ ಒಂದೇ ಜಾಗವನ್ನು ಹೀಗೆ ಕಳೆದುಕೊಳ್ಳಬಾರದು. 50 ಮಕ್ಕಳಿದ್ದರೆ ದಿನಕ್ಕೆ ಐವರಂತೆ ಹತ್ತು ದಿನ, ಒಬ್ಬರಿಗೆ ಎರಡು ನಿಮಿಷ. ಐದು ಅಂಶ ನೋಡಿ: ಕೇಳಿದ್ದಕ್ಕೇ ಉತ್ತರಿಸಿದರೇ, ಪೂರ್ಣ ವಾಕ್ಯ ಬಂತೇ, ಧ್ವನಿ ಕೇಳಿಸಿತೇ, ತಡವರಿಸಿದಾಗ ಮುಂದುವರಿಸಿದರೇ, ತಿರುಗಿ ಒಂದು ಪ್ರಶ್ನೆ ಕೇಳಿದರೇ. ವ್ಯಾಕರಣ ತಪ್ಪಿಗೆ ಇಲ್ಲಿ ಅಂಕ ಕಡಿಯಬೇಡಿ. ಕಡಿದರೆ ಮರುದಿನ ಯಾರೂ ಬಾಯಿ ಬಿಡುವುದಿಲ್ಲ.

ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಸಾಕಾಗುವಷ್ಟೇ ಪ್ರಶ್ನೋತ್ತರಗಳ ಕಟ್ಟು) ತಪ್ಪಲ್ಲ, ಜಾಗ ತಪ್ಪಿದಾಗ ತಪ್ಪು. ಜನವರಿ ನಂತರ, ಹಿಂದೆ ಬಿದ್ದ ಮಕ್ಕಳಿಗೆ ಮಾತ್ರ ಕೊಡಿ. ಜೂನಿನಲ್ಲೇ ಇಡೀ ತರಗತಿಗೆ ಹಂಚಿದರೆ ಚೆನ್ನಾಗಿ ಓದುವವರೂ ಅಲ್ಲಿಗೇ ನಿಲ್ಲುತ್ತಾರೆ. ಅಕ್ಷರ ಕೂಡಿಸಿ ಓದಲು ಬಾರದವರಿಗೆ ಅದೂ ಚಿತ್ರ ಬಿಡಿಸಿದಂತೆ; ಅವರನ್ನು ಎಂಟನೇ ತರಗತಿಯಲ್ಲೇ ಗುರುತಿಸಿ ದಿನಕ್ಕೆ ಹದಿನೈದು ನಿಮಿಷ ಗಟ್ಟಿಯಾಗಿ ಓದಿಸಿ. ವಿಶೇಷ ತರಗತಿ ಬೆಳಿಗ್ಗೆ ಇಡಿ. ಸಂಜೆ ಇಟ್ಟರೆ ಬಸ್ಸಿನ ಮಕ್ಕಳು ತಪ್ಪಿಸುತ್ತಾರೆ, ಅವರಿಗೇ ಅದು ಹೆಚ್ಚು ಬೇಕಾದದ್ದು. ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಹಾಜರಾತಿ ಇಳಿಯುತ್ತದೆ. ಆ ವಾರಗಳಲ್ಲಿ ಹೊಸ ಪಾಠ ತೆಗೆಯದೆ ಅಭ್ಯಾಸಕ್ಕೆ ಬಿಡಿ.

2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪರೀಕ್ಷೆ-1ರಲ್ಲಿ ಬಿದ್ದವರಿಗೆ ಅದೇ ಪ್ಯಾಕೇಜನ್ನು ಮತ್ತೆ ತಿರುವಿಹಾಕಬೇಡಿ. ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ, ಮಕ್ಕಳ ಪಕ್ಕ ಕುಳಿತು ಖಾಲಿ ಬಿಟ್ಟ ಪ್ರಶ್ನೆ ಬೇರೆ, ಬರೆದೂ ಸೊನ್ನೆ ಬಂದದ್ದು ಬೇರೆ ಎಂದು ಗುರುತು ಹಾಕಿ. ಖಾಲಿ ಬಿಟ್ಟಿದ್ದು ಹೆದರಿಕೆಯೋ ವೇಳೆ ಸಾಲದ್ದೋ ಕೇಳಿ. ಬರೆದೂ ಹೋದದ್ದು ಬಹುಪಾಲು ಪ್ರಶ್ನೆ ತಿಳಿಯದ್ದರಿಂದ. ಅಂಥವರಿಗೆ ಉತ್ತರ ಬರೆಸುವುದನ್ನು ನಿಲ್ಲಿಸಿ, ಎರಡು ವಾರ ಬರೀ ಪ್ರಶ್ನೆಗಳನ್ನು ಓದಿಸಿ, ಪ್ರತಿಯೊಂದೂ ಏನು ಕೇಳುತ್ತಿದೆ ಎಂದು ಅವರ ಬಾಯಿಂದಲೇ ಹೇಳಿಸಿ.